ಇಪ್ಪತ್ತನಾಲ್ಕು ಗಂಟೆಯ ವಿನಾಯಿತಿ

ಬೀಗದಕ್ಕ ಎನ್ನುವುದು ಕಚೇರಿಯವರು ಪ್ರೀತಿಯಿಂದ ಇಟ್ಟ ಹೆಸರು. ನಾಲ್ಕನೇ ಮಹಡಿಯ ಉದ್ದನೆಯ ಹಾಲಿನಲ್ಲಿ ಅರವತ್ತು ಮೇಜುಗಳಿದ್ದವು. ಪ್ರತಿ ಮೇಜಿಗೂ ಒಂದು ಸ್ಕ್ರೀನು, ಒಂದು ಹೆಡ್‌ಫೋನು, ಪಕ್ಕದವರ ಮಾತು ಕೇಳಿಸದಿರಲೆಂದು ನಡುವೆ ಬೂದು ಬಟ್ಟೆ ಹೊದಿಸಿದ ಹಲಗೆ. ಆದರೂ ಎಲ್ಲರ ಮಾತೂ ಎಲ್ಲರಿಗೂ ಕೇಳಿಸುತ್ತಿತ್ತು. ಜನ ತಮ್ಮ ಈಮೇಲು, ಫೋಟೋ, ಕಾಗದಪತ್ರಗಳನ್ನೆಲ್ಲ ನಂಬಿ ಇಟ್ಟುಕೊಂಡಿದ್ದ ಒಂದು ಕಂಪನಿಯ ಸಹಾಯವಾಣಿ ಅದು. ಪಾಸ್‌ವರ್ಡ್ ಮರೆತವರ ಕರೆಗಳು ಹೊಸಬರ ಪಾಲಿಗೆ ಹೋಗುತ್ತಿದ್ದವು. ಪಾಸ್‌ವರ್ಡ್ ಸರಿಯಾಗಿಯೇ ಹಾಕಿ, ಫೋನಿಗೆ ಬರಬೇಕಾದ ಓಟಿಪಿ ಬಾರದೆ ಹೊರಗೆ ನಿಂತವರು ಬೀಗದಕ್ಕನ ಪಾಲು. ಫೋನು ಕಳೆದುಕೊಂಡವರು, ಬಾವಿಗೆ ಬೀಳಿಸಿಕೊಂಡವರು, ನಂಬರು ಬದಲಿಸಿ ಹಳೆಯದನ್ನು ಮರೆತವರು, ಸಿಟ್ಟಿನಲ್ಲಿ ಗೋಡೆಗೆ ಎಸೆದವರು. ಒಬ್ಬ ಮುದುಕರಂತೂ ಅಣ್ಣನನ್ನು ಮಣ್ಣು ಮಾಡುವಾಗ ಬಗ್ಗಿ ಅತ್ತು, ಜೇಬಿನ ಫೋನನ್ನು ಗುಂಡಿಯೊಳಗೆ ಬೀಳಿಸಿಕೊಂಡು ಬಂದಿದ್ದರು. "ರಿಂಗ್ ಆಗ್ತಿದೆ ಮೇಡಂ, ಆದ್ರೆ ಅವನು ಎತ್ತೋದಿಲ್ಲ" ಎಂದು ಅವರೇ ನಕ್ಕಾಗ ಬೀಗದಕ್ಕನಿಗೂ ನಗು ತಡೆಯಲಾಗಿರಲಿಲ್ಲ.

ನಲವತ್ತೆಂಟು ವರ್ಷ ಅವಳಿಗೆ. ಹನ್ನೊಂದು ವರ್ಷದಿಂದ ಅದೇ ಕುರ್ಚಿ. ಗಂಡ ಸಿಟಿ ಬಸ್ ಓಡಿಸುತ್ತಿದ್ದ. ಮಕ್ಕಳಿರಲಿಲ್ಲ. ಮನೆಯಲ್ಲಿ ಮೂರನೆಯವರು ಅತ್ತೆ. ಆಕೆ ತನ್ನ ಫೋನಿನ ನಾಲ್ಕು ಅಂಕಿಯನ್ನು ಅಡುಗೆಮನೆಯ ಕಪಾಟಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗೇಣುದ್ದ ಬರೆದಿಟ್ಟುಕೊಂಡಿದ್ದಳು. ಸೊಸೆ ಅಳಿಸಿದರೆ ಮತ್ತೆ ಬರೆಯುತ್ತಿದ್ದಳು. "ನೀನು ಊರಿನ ಬೀಗ ಎಲ್ಲ ತೆಗೀತೀಯ, ನನ್ನದನ್ನ ಮಾತ್ರ ಹಾಕ್ಕೊಂಡೇ ಇರು ಅಂತೀಯ" ಎನ್ನುವುದು ಆಕೆಯ ತಕರಾರು.

ಬೀಗದಕ್ಕನ ಬಂಡವಾಳವೆಂದರೆ ಅವಳ ದನಿ. ಕೂಗಾಡುತ್ತ ಬಂದವರು ಎರಡು ನಿಮಿಷದಲ್ಲಿ ತಣ್ಣಗಾಗಿ "ಅಕ್ಕಾ" ಎನ್ನಲು ಶುರು ಮಾಡುತ್ತಿದ್ದರು. ಕೆಲಸದ ಕ್ರಮ ಅವಳಿಗೆ ಬಾಯಿಪಾಠ. ಮೊದಲು ಹುಟ್ಟಿದ ದಿನ, ಖಾತೆ ತೆರೆದ ವರ್ಷ, ಈಚೆಗೆ ಯಾರಿಗೆ ಪತ್ರ ಬರೆದಿದ್ದಿರಿ ಎಂಬುದು. ಆಮೇಲೆ ಗುರುತಿನ ಚೀಟಿಯ ಫೋಟೋ. ಕಡೆಗೆ, ಖಾತೆ ತೆರೆಯುವಾಗ ಅವರೇ ಉತ್ತರ ಬರೆದಿಟ್ಟ ಗುಟ್ಟಿನ ಪ್ರಶ್ನೆ. ಎಲ್ಲ ಸರಿಹೋದರೂ ಹೊಸ ನಂಬರು ಕೂಡಲೇ ಹತ್ತುತ್ತಿರಲಿಲ್ಲ. ಇಪ್ಪತ್ತನಾಲ್ಕು ಗಂಟೆ ಕಾಯಬೇಕು. ಅಷ್ಟರೊಳಗೆ ಹಳೆಯ ನಂಬರಿಗೆ ಒಂದು ಸಂದೇಶ ಹೋಗುತ್ತಿತ್ತು: ನಿಮ್ಮ ನಂಬರು ಬದಲಿಸಲು ಯಾರೋ ಕೇಳಿದ್ದಾರೆ, ಅದು ನೀವಲ್ಲದಿದ್ದರೆ ಬೇಡ ಎಂದು ಒತ್ತಿ. ತೀರಾ ತುರ್ತಿದ್ದರೆ ಈ ಕಾಯುವಿಕೆಯನ್ನು ಮನ್ನಾ ಮಾಡಬಹುದಿತ್ತು. ಅದಕ್ಕೆ ಮೇಲ್ವಿಚಾರಕನ ಒಪ್ಪಿಗೆ ಬೇಕು.

ಮೇಲ್ವಿಚಾರಕನನ್ನು ಹಾಲಿನಲ್ಲಿ ಎಲ್ಲರೂ ನಿಮಿಷಪ್ಪ ಎನ್ನುತ್ತಿದ್ದರು. ಯಾವ ಕರೆಯೂ ಎಂಟು ನಿಮಿಷ ದಾಟಬಾರದೆಂದು ಮೇಲಿನವರು ಅವನ ಕುತ್ತಿಗೆಗೆ ಕಟ್ಟಿದ್ದರು. ಅವನು ಅದನ್ನು ಉಳಿದವರ ಕುತ್ತಿಗೆಗೆ ಕಟ್ಟುತ್ತ ಮೇಜಿನಿಂದ ಮೇಜಿಗೆ ತಿರುಗುತ್ತಿದ್ದ.

ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆ ಕರೆ ಬಂತು.

"ಮೇಡಂ, ನನ್ನ ಫೋನು ಕಳುವಾಗಿದೆ. ಮಗು ಆಸ್ಪತ್ರೆಲಿದೆ." ಹೆಂಗಸಿನ ದನಿ ಅಳುವಿನಲ್ಲಿ ತೊಯ್ದಿತ್ತು. "ಹಳೇ ರಿಪೋರ್ಟೆಲ್ಲ ಅಕೌಂಟಲ್ಲೇ ಇದೆ. ಡಾಕ್ಟ್ರು ಕೇಳ್ತಾ ಇದಾರೆ. ಪಾಸ್‌ವರ್ಡ್ ಹಾಕಿದ್ರೆ ಓಟಿಪಿ ಕೇಳತ್ತೆ, ಅದು ಕಳೆದುಹೋದ ಫೋನಿಗೆ ಹೋಗ್ತಿದೆ."

"ಅಳಬೇಡಿಮ್ಮ, ನಾನಿದೀನಿ. ಮಗುಗೆ ಎಷ್ಟು ವರ್ಷ?"

"ನಾಲ್ಕು. ಫಿಟ್ಸ್ ಬಂದಿದೆ."

ಬೀಗದಕ್ಕ ಒಂದೊಂದಾಗಿ ಕೇಳಿದಳು. ಹುಟ್ಟಿದ ದಿನ ಸರಿ. ಖಾತೆ ತೆರೆದ ವರ್ಷ ಸರಿ. ಗುರುತಿನ ಚೀಟಿಯ ಫೋಟೋ ಎರಡೇ ನಿಮಿಷದಲ್ಲಿ ಬಂತು. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ತಲೆ, ಕ್ಯಾಮೆರಾಕ್ಕೆ ಹೆದರಿದ ಹಾಗಿದ್ದ ಕಣ್ಣು. ಉಳಿದದ್ದು ಗುಟ್ಟಿನ ಪ್ರಶ್ನೆ.

"ಚಿಕ್ಕಂದಿನಲ್ಲಿ ಮನೇಲಿ ನಿಮ್ಮನ್ನ ಏನಂತ ಕರೀತಿದ್ರು?"

ಆ ಕಡೆ ಮಾತು ನಿಂತಿತು. ಮೂಗು ಸೆಳೆದ ಸದ್ದು. ಯಾರೋ ಹತ್ತಿರದಲ್ಲೇ ಕುರ್ಚಿ ಸರಿಸಿದ ಹಾಗಾಯಿತು. ಆಮೇಲೆ ಉತ್ತರ ಬಂತು: "ಚೂಟಿ."

ಸರಿ.

ತನ್ನ ಹೆಸರು ಹೇಳಲು ಯಾರಿಗಾದರೂ ಅಷ್ಟು ಹೊತ್ತು ಬೇಕೇ ಎಂದು ಬೀಗದಕ್ಕನಿಗೆ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಮಗು ಆಸ್ಪತ್ರೆಯಲ್ಲಿರುವ ತಾಯಿಗೆ ತನ್ನ ಹೆಸರಾದರೂ ನೆನಪಿರುತ್ತದೆಯೇ ಎಂದು ಮರುಕ್ಷಣ ಅವಳೇ ಸಮಾಧಾನ ಹೇಳಿಕೊಂಡಳು. ಕೈ ಎತ್ತಿದಳು. ನಿಮಿಷಪ್ಪ ಬಂದ.

"ಮಗುಗೆ ಫಿಟ್ಸ್ ಅಂತೆ. ಎಲ್ಲ ಸರಿಯಾಗಿ ಹೇಳಿದಾರೆ. ಇಪ್ಪತ್ತನಾಲ್ಕು ಗಂಟೆ ಮನ್ನಾ ಮಾಡೋಣ್ವಾ?"

ಅವನು ಸ್ಕ್ರೀನಿನ ಮೂಲೆಯ ಗಡಿಯಾರ ನೋಡಿದ. ಒಂಬತ್ತು ನಿಮಿಷವಾಗಿತ್ತು. "ಮಾಡಿ ಮಾಡಿ" ಎಂದು ತನ್ನ ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಮುಂದಿನ ಮೇಜಿಗೆ ಹೋದ.

ಹನ್ನೊಂದು ಗಂಟೆ ಹದಿಮೂರು ನಿಮಿಷಕ್ಕೆ ಹೊಸ ನಂಬರು ಹತ್ತಿತು. "ನಿಮ್ಮ ಉಪಕಾರ ಮರೆಯಲ್ಲ" ಎಂದಳು ಆ ಹೆಂಗಸು. ಅವಳ ಅಳು ಆಗಲೂ ನಿಂತಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಬೀಗದಕ್ಕ ಗಂಡನಿಗೆ ಹೇಳಿದಳು, "ಇವತ್ತು ಒಂದು ಮಗುವಿನ ಉಪಯೋಗಕ್ಕೆ ಬಂದೆ ನೋಡಿ."

"ನಾನು ದಿನಾ ಎಂಬತ್ತು ಜನರನ್ನ ಜೀವಂತ ಇಳಿಸ್ತೀನಿ, ಒಬ್ರೂ ಥ್ಯಾಂಕ್ಸ್ ಹೇಳಲ್ಲ" ಎಂದ ಅವನು.

ಅವಳು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ಗುರುವಾರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಅದೇ ಖಾತೆಯ ಮೇಲೆ ಮತ್ತೆ ಕರೆ ಬಂತು. ಒಂದು ವಾರದೊಳಗೆ ಮರುಕರೆ ಬಂದರೆ ಮೊದಲು ನೋಡಿದವರಿಗೇ ಹೋಗಬೇಕೆಂದು ಕಂಪನಿಯ ಏರ್ಪಾಡು. ಮಗು ಹುಷಾರಾಗಿರಬೇಕು, ಅದನ್ನು ಹೇಳಲು ಕರೆ ಮಾಡಿದ್ದಾಳೆ ಎಂದುಕೊಂಡೇ ಬೀಗದಕ್ಕ ಹೆಡ್‌ಫೋನು ಸರಿಮಾಡಿಕೊಂಡಳು.

"ನನ್ನ ಅಕೌಂಟು ತೆರೀತಾ ಇಲ್ಲ" ಎಂದಿತು ಒಂದು ದನಿ.

ಅದು ಮಂಗಳವಾರದ ದನಿಯಲ್ಲ. ಇದು ಒಣಗಿದ, ತಗ್ಗಿಸಿದ ದನಿ. ಹಿಂದೆ ದೊಡ್ಡ ಯಂತ್ರಗಳು ಗಡಗಡ ತಿರುಗುತ್ತಿದ್ದವು.

"ಮೊನ್ನೆ ಸಂಜೆ ನನ್ನ ಫೋನು ನೋಡಿದ್ರೆ ನಂಬರ್ ಬದಲಾಗಿದೆ ಅಂತ ಮೆಸೇಜ್ ಬಂದಿತ್ತು. ಪಕ್ಕದ ರೂಮಿನವರು ಅದು ಮೋಸದ ಮೆಸೇಜು, ಮುಟ್ಟಬೇಡ ಅಂದ್ರು. ನಿನ್ನೆಯಿಂದ ಓಟಿಪಿನೇ ಬರ್ತಿಲ್ಲ. ಕೆಲಸದಲ್ಲಿ ಫೋನು ಇಟ್ಕೊಳ್ಳಂಗಿಲ್ಲ. ಇದು ಲಾಂಡ್ರಿ ಫೋನು, ಊಟದ ಬಿಡುವಲ್ಲಿ ಮಾಡ್ತಿದೀನಿ."

ಬೀಗದಕ್ಕ ಅಭ್ಯಾಸದಂತೆ ಶುರು ಮಾಡಿದಳು. ಹುಟ್ಟಿದ ದಿನ ಸರಿ. ಖಾತೆ ತೆರೆದ ವರ್ಷ ಸರಿ. ಗುರುತಿನ ಚೀಟಿ?

"ಇಲ್ಲ. ಮನೇಲೇ ಉಳೀತು."

"ಮನೆಗೆ ಹೋಗಿ ತರಬಹುದಲ್ವಾ?"

"ಆ ಮನೆಗೆ ಇನ್ನು ಹೋಗಂಗಿಲ್ಲ" ಎಂದಳು ಅವಳು. 

"ಚಿಕ್ಕಂದಿನಲ್ಲಿ ನಿಮ್ಮನ್ನ ಏನಂತ ಕರೀತಿದ್ರು?"

"ಚೂಟಿ" ಎಂಬ ಉತ್ತರ ತಟ್ಟನೆ ಬಂತು.

ಸ್ಕ್ರೀನಿನಲ್ಲಿ ಕೆಂಪು ಅಡ್ಡಗೆರೆ ಮೂಡಿತು. ಉತ್ತರ ತಪ್ಪು. ಮಂಗಳವಾರ ಹನ್ನೊಂದೂವರೆಗೆ ಆ ಪ್ರಶ್ನೆಯ ಉತ್ತರವನ್ನೇ ಯಾರೋ ಬದಲಿಸಿದ್ದರು.

 ಕಂಪ್ಯೂಟರಿನ ಲೆಕ್ಕದಲ್ಲಿ ಈ ಹೆಂಗಸು ಯಾರೂ ಅಲ್ಲ. ಚೀಟಿ ಇಲ್ಲ, ನಂಬರು ಇಲ್ಲ, ಉತ್ತರ ಇಲ್ಲ. ಆದರೆ ಆ ಹೆಸರನ್ನು ಅವಳು ಹೇಳಿದ ರೀತಿ ಬೇರೆ ಇತ್ತು. ಅದನ್ನು ಯೋಚಿಸಿ ಹೇಳಬೇಕಾದ ಅಗತ್ಯವೇ ಅವಳಿಗಿರಲಿಲ್ಲ.

"ಅಮ್ಮಾ, ಒಂದು ಮಾತು ಕೇಳ್ತೀನಿ. ನಿಮಗೆ ನಾಲ್ಕು ವರ್ಷದ ಮಗು ಇದೆಯಾ?"

"ಇದೆ. ನಿಮಗೆ ಹೇಗೆ..."

"ಈ ವಾರ ಅದು ಆಸ್ಪತ್ರೆಲಿತ್ತಾ?"

"ಇಲ್ವಲ್ಲ! ಗುಂಡುಕಲ್ಲಿನ ಹಾಗಿದಾಳೆ. ಶಾಲೆಗೆ ಹೋಗಿದಾಳೆ. ಯಾಕೆ? ಯಾರು ಹೇಳಿದ್ರು?" ತಗ್ಗಿಸಿದ ದನಿ ಏರಿತು. "ಅವರು ಒಳಗೆ ಹೋಗಿಬಿಟ್ರಾ? ಮೇಡಂ, ಹೇಳಿ. ಒಳಗೆ ಹೋದ್ರಾ?"

"ಯಾರು?"

"ನನ್ನ ಗಂಡ."

ಮೂರು ವಾರದ ಹಿಂದೆ ಅವಳು ಮಗುವನ್ನು ಎತ್ತಿಕೊಂಡು ಮನೆ ಬಿಟ್ಟಿದ್ದಳು. ಅವನು ಸ್ನಾನಕ್ಕೆ ಹೋಗಿದ್ದಾಗ, ಉಟ್ಟ ಬಟ್ಟೆಯಲ್ಲೇ. ಮೊದಲೇ ಗುಟ್ಟಾಗಿ ಹೊಸ ನಂಬರು ಕೊಂಡು, ಅದನ್ನು ಖಾತೆಗೆ ಹಾಕಿ, ಹಳೆಯ ಫೋನನ್ನು ದಿಂಬಿನ ಕೆಳಗೇ ಬಿಟ್ಟು ಬಂದಿದ್ದಳು. ಪಾಸ್‌ವರ್ಡ್ ಬದಲಿಸಲು ಮಾತ್ರ ಹೊಳೆದಿರಲಿಲ್ಲ. ಅದು ಮಗುವಿನ ಹೆಸರು. ಇದೆಲ್ಲವನ್ನೂ ಅವಳು ಒಂದೇ ಉಸಿರಿಗೆ, ಯಂತ್ರಗಳ ಸದ್ದಿನ ನಡುವೆ ಹೇಳಿದಳು.

ಬೀಗದಕ್ಕನ ಮುಂದೆ ಖಾತೆಯ ದಿನಚರಿ ತೆರೆದಿತ್ತು. ಕಾಗದಗಳೊಳಗೆ ಏನಿದೆಯೆಂದು ಅವಳು ನೋಡುವಂತಿರಲಿಲ್ಲ. ಯಾವ ಕಾಗದವನ್ನು ಎಷ್ಟು ಹೊತ್ತಿಗೆ ತೆರೆದರು ಎಂಬುದು ಕಾಣುತ್ತಿತ್ತು. ರೂಮಿನ ಬಾಡಿಗೆ ಕರಾರು: ಮಂಗಳವಾರ ಹನ್ನೊಂದೂ ನಲವತ್ತು. ಶಾಲೆಯ ಅಡ್ಮಿಷನ್ ಪತ್ರ: ಹನ್ನೊಂದೂ ನಲವತ್ತೆರಡು. ಎರಡನ್ನೂ ಪ್ರಿಂಟಿಗೆ ಕಳಿಸಲಾಗಿತ್ತು. ಖಾತೆಯ ಒಡೆಯರಿಗಲ್ಲದೆ ಮತ್ತಾರಿಗೂ ಇದನ್ನು ಹೇಳಕೂಡದು. ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿಸಿಕೊಂಡ ಮೊದಲ ನಿಯಮವೇ ಅದು.

"ನಿಮ್ಮ ಬಾಡಿಗೆ ಕಾಗದ ನೋಡಿದಾರೆ" ಎಂದಳು ಬೀಗದಕ್ಕ. "ಮಗು ಶಾಲೆ ಕಾಗದಾನೂ ನೋಡಿದಾರೆ. ಅಮ್ಮಾ, ಈಗಲೇ ಹೊರಡಿ."

ರಿಸೀವರು ಏನಕ್ಕೋ ಬಡಿದ ಸದ್ದು. ಅದು ತಂತಿಯಲ್ಲಿ ತೂಗಾಡುತ್ತ ಮತ್ತೆ ಮತ್ತೆ ಗೋಡೆಗೆ ತಾಗುತ್ತಿತ್ತು. ಓಡುವ ಹೆಜ್ಜೆಗಳು ದೂರವಾದವು. ಯಂತ್ರಗಳು ತಿರುಗುತ್ತಲೇ ಇದ್ದವು.

ಸ್ವಲ್ಪ ಹೊತ್ತಿಗೆ ಬೇರೊಬ್ಬ ಹೆಂಗಸು ಫೋನೆತ್ತಿಕೊಂಡಳು. "ಯಾರ್ರೀ ನೀವು? ಏನಂದ್ರಿ ಅವಳಿಗೆ? ಚಪ್ಪಲಿ ಕೂಡ ಹಾಕ್ಕೊಳ್ದೆ ಓಡಿದ್ಲು!"

"ಶಾಲೆ ಹತ್ತಿರ ಯಾರಾದ್ರೂ ಇದಾರಾ? ಗಂಡ ಮಗುನ ಕರ್ಕೊಂಡು ಹೋಗಬಹುದು. ಅವರ ಹಿಂದೆ ಯಾರನ್ನಾದ್ರೂ ಕಳಿಸಿ."

"ಅಯ್ಯೋ ದೇವರೇ" ಎಂದವಳೇ ಆಕೆ ಫೋನು ಇಟ್ಟಳು.

ಬೀಗದಕ್ಕ ದಿನಚರಿಯಲ್ಲಿ ಆ ಅಡ್ಮಿಷನ್ ಫೈಲಿನ ಹೆಸರಿನಲ್ಲೇ ಸೇರಿದ್ದ ಶಾಲೆಯ ಹೆಸರು ನೋಡಿ, ತನ್ನದೇ ಫೋನಿನಲ್ಲಿ ನಂಬರು ಹುಡುಕಿ, ಮೇಜಿನ ಕೆಳಗೆ ಬಗ್ಗಿಕೊಂಡು ಕರೆ ಮಾಡಿದಳು. ಹತ್ತು ಸಲ ರಿಂಗಾದ ಮೇಲೆ ಒಬ್ಬ ಟೀಚರು ಎತ್ತಿದರು. ಹಿಂದೆ ಮಕ್ಕಳು ಒಟ್ಟಿಗೆ ಏನನ್ನೋ ಕಿರುಚಿ ಹಾಡುತ್ತಿದ್ದರು.

"ಆ ಮಗುನಾ? ಈಗ ತಾನೇ ಅವರಪ್ಪ, ಸೋದರತ್ತೆ ಬಂದು ಕರ್ಕೊಂಡು ಹೋದ್ರು. ಅರ್ಧ ಗಂಟೆ ಆಗಿರಬಹುದು."

"ಹೇಗೆ ಕಳಿಸಿದ್ರಿ?"

ಟೀಚರ ದನಿ ಗಡುಸಾಯಿತು. "ಸುಮ್ಮನೆ ಕಳಿಸ್ತೀವಾ ಮೇಡಂ? ಅಡ್ಮಿಷನ್ ಕಾಗದ ತಂದಿದ್ರು. ತಾಯಿ ಗುರುತಿನ ಚೀಟಿ ತೋರಿಸಿದ್ರು. ಮಗುನೂ ಅಪ್ಪಾ ಅಂತು. ಇನ್ನೇನು ನೋಡಬೇಕಿತ್ತು?"

ಬೀಗದಕ್ಕ ಫೋನು ಇಟ್ಟಳು. ಮಂಗಳವಾರ ಅವಳನ್ನು ಯಾರಾದರೂ ಕೇಳಿದ್ದರೆ ಅವಳೂ ಇದನ್ನೇ ಹೇಳುತ್ತಿದ್ದಳು.

ಅವಳು ಎದ್ದು ಕೂತು ಎರಡು ಕೆಲಸ ಮಾಡಿದಳು. ಖಾತೆಯನ್ನು ಯಾರೂ ತೆರೆಯದಂತೆ ಮುಚ್ಚಿಸಿದಳು. ಮಂಗಳವಾರದ ಕರೆಯ ಧ್ವನಿಮುದ್ರಣ ಹುಡುಕಿ, ಅಳಿಸಬಾರದೆಂಬ ಗುರುತು ಹಾಕಿದಳು. ಆ ಗುರುತಿಲ್ಲದಿದ್ದರೆ ಮೂವತ್ತು ದಿನಕ್ಕೆ ಎಲ್ಲ ಕರೆಗಳೂ ತಾವಾಗಿ ಅಳಿಸಿಹೋಗುತ್ತಿದ್ದವು. ಕಾರಣ ಬರೆಯುವ ಜಾಗದಲ್ಲಿ ಏನು ಬರೆಯುವುದೆಂದು ತೋಚದೆ, "ನಾನು ತಪ್ಪು ಮಾಡಿದ್ದೇನೆ" ಎಂದು ಬರೆದಳು.

ಅಷ್ಟರಲ್ಲಿ ನಿಮಿಷಪ್ಪ ಪಕ್ಕದಲ್ಲಿ ನಿಂತಿದ್ದ. "ಮೂವತ್ತಾರು ನಿಮಿಷ ಅಕ್ಕ. ಕಾಲ್ ಕಟ್ಟಾಗಿದೆ, ನೀವು ಇನ್ನೂ ಲೈನ್ ಬಿಟ್ಟಿಲ್ಲ."

ಅವಳು ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವನು ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತ. ಅವನು ಹಾಗೆ ಕೂತದ್ದನ್ನು ಅಲ್ಲಿದ್ದವರು ಅವತ್ತೇ ಮೊದಲು ನೋಡಿದ್ದು.

"ಮನ್ನಾ ಮಾಡಿದ್ದು ನಾನು" ಎಂದ.

"ಕೇಳಿದ್ದು ನಾನು."

"ಅದು ಬಿಡಿ, ಅದಕ್ಕೆ ನಿಯಮ ಇದೆ, ಯಾರೂ ಏನೂ ಅನ್ನಲ್ಲ. ಆದ್ರೆ ಅವಳಿಗೆ ಯಾಕೆ ಹೇಳೋಕೆ ಹೋದ್ರಿ? ವೆರಿಫಿಕೇಷನ್ನಲ್ಲಿ ಸೋತವಳು ಅವಳು."

"ಅವಳೇ ನಿಜವಾದವಳು."

"ಗೊತ್ತು ಅಕ್ಕ" ಎಂದ ನಿಮಿಷಪ್ಪ ತಗ್ಗಿದ ದನಿಯಲ್ಲಿ. "ನನಗೂ ಗೊತ್ತಾಯ್ತು. ಅದನ್ನ ಎಲ್ಲಿ ಅಂತ ಬರೀಲಿ?"

ಮಾರನೆಯ ದಿನ ಆರನೇ ಮಹಡಿಯ ಗಾಜಿನ ಕೋಣೆಗೆ ಕರೆದರು. ಮೂವರು ಕೂತಿದ್ದರು. ಮಂಗಳವಾರದ ಕೆಲಸದಲ್ಲಿ ಅವರಿಗೆ ದೋಷ ಕಾಣಲಿಲ್ಲ. ಪ್ರಶ್ನೆಗಳನ್ನು ಕೇಳಲಾಗಿದೆ, ಚೀಟಿ ನೋಡಲಾಗಿದೆ, ಒಪ್ಪಿಗೆ ಪಡೆಯಲಾಗಿದೆ. ಗುರುವಾರದ ಕೆಲಸದಲ್ಲಿ ಮೂರು ದೋಷ ಕಂಡವು: ಪರಿಶೀಲನೆಯಲ್ಲಿ ಸೋತವರಿಗೆ ಖಾತೆಯ ವಿವರ ಹೇಳಿದ್ದು, ಸ್ವಂತ ಫೋನಿನಿಂದ ಹೊರಗೆ ಕರೆ ಮಾಡಿದ್ದು, ಒಪ್ಪಿಗೆಯಿಲ್ಲದೆ ಖಾತೆ ಮುಚ್ಚಿದ್ದು. ಅವಳನ್ನು ಕೆಲಸದಿಂದ ತೆಗೆದರು. ಕೆಳಗೆ ಬಾಗಿಲಲ್ಲಿ ಕಾರ್ಡು ಒಪ್ಪಿಸುವಾಗ ಕಾವಲಿನವನು, "ಏನಕ್ಕ ಇದು, ಬೀಗದಕ್ಕನಿಗೇ ಬೀಗ ಹಾಕಿಬಿಟ್ರಾ" ಎಂದು ತಮಾಷೆ ಮಾಡಹೊರಟು, ಅವಳ ಮುಖ ನೋಡಿ ಸುಮ್ಮನಾದ.

ಗುರುವಾರ ಕರೆ ಬಂದ ಲಾಂಡ್ರಿಯ ನಂಬರಿನಿಂದ ವಿಳಾಸ ಹುಡುಕಿಕೊಂಡು, ಭಾನುವಾರ ಅವಳು ಆ ಊರಿನ ಬಸ್ಸು ಹತ್ತಿದಳು. ಮೂರು ಗಂಟೆಯ ದಾರಿ. "ಹೋಗಿ ಏನು ಹೇಳ್ತೀಯ?" ಎಂದು ಗಂಡ ಕೇಳಿದ. ತಾನೂ ಜೊತೆಗೆ ಬರುತ್ತೇನೆಂದ. ಬೇಡವೆಂದಳು.

ಲಾಂಡ್ರಿ ಒಂದು ಇಕ್ಕಟ್ಟಾದ ರಸ್ತೆಯ ಕೊನೆಯಲ್ಲಿತ್ತು. ಎದುರಿಗೆ ಟೈರಿನ ಅಂಗಡಿ. ಒಳಗೆ ಸೋಪಿನ ಬಿಸಿ ವಾಸನೆ, ಆಸ್ಪತ್ರೆಗಳ ಹೊದಿಕೆಗಳ ಗುಡ್ಡೆ. ಯಜಮಾನಿ ದಪ್ಪನೆಯ ಹೆಂಗಸು, ಮೊಣಕೈವರೆಗೂ ಕೆಂಪಗೆ ಬೆಂದಂತಿದ್ದ ಕೈಗಳು. ಬೀಗದಕ್ಕ ತಾನು ಯಾರೆಂದು ಹೇಳಿದಳು. ಆಕೆ ಕೈಯಲ್ಲಿದ್ದ ಹೊದಿಕೆಯನ್ನು ಮಡಿಸುವುದು ನಿಲ್ಲಿಸಲಿಲ್ಲ.

"ಹೋದ್ಲು ಅವಳು."

"ಎಲ್ಲಿಗೆ?"

"ಇನ್ನೆಲ್ಲಿಗೆ? ಅವನ ಮನೆಗೇ." ಆಕೆ ಹೊದಿಕೆಯನ್ನು ಬಡಿದು ಗುಡ್ಡೆಯ ಮೇಲಿಟ್ಟಳು. "ಪೊಲೀಸ್ ಸ್ಟೇಷನ್ನಿಗೆ ನಾನೇ ಕರ್ಕೊಂಡು ಹೋದೆ. ಅಪ್ಪ ಮಗಳನ್ನ ಕರ್ಕೊಂಡು ಹೋದ್ರೆ ಅಪಹರಣ ಹೇಗಮ್ಮಾ ಆಗತ್ತೆ ಅಂದ್ರು. ಸಂಜೆ ಅವನು ನನ್ನ ಈ ಫೋನಿಗೇ ಮಾಡಿದ. ಮಗು ಅಳ್ತಿರೋದನ್ನ ಕೇಳಿಸಿದ. ಒಂದು ಮಾತೂ ಆಡಲಿಲ್ಲ, ಬರೀ ಅದನ್ನೇ ಕೇಳಿಸಿದ. ನಾನು ಹೋಗಬೇಡ್ವೇ ಅಂತ ಬಾಗಿಲಿಗೆ ಅಡ್ಡ ನಿಂತೆ. ಅಕ್ಕ, ಮಗು ಅಲ್ಲಿರೋವಾಗ ನಾನು ಇಲ್ಲಿದ್ದು ಏನ್ ಮಾಡ್ಲಿ ಅಂದ್ಲು."

ಬೀಗದಕ್ಕ ನಿಂತೇ ಇದ್ದಳು.

"ಕೂತ್ಕೊಳ್ಳಿ ಅಂತ ಹೇಳಲ್ಲ ನಾನು" ಎಂದಳು ಯಜಮಾನಿ. "ಯಾವಳೋ ಫೋನಲ್ಲಿ ಅತ್ತಳು ಅಂತ ಕೊಟ್ಬಿಟ್ರಲ್ಲ! ಇವಳು ಅಳಲ್ಲ ಕಣ್ರೀ. ಮೂರು ವಾರ ನನ್ನ ಹತ್ರ ಕೆಲಸ ಮಾಡಿದ್ಲು, ಒಂದು ಹನಿ ನೋಡ್ಲಿಲ್ಲ. ಅಳೋರಿಗೆ ಮಾತ್ರನಾ ನಿಮ್ಮ ಕಂಪನಿ?"

ಬೈದಷ್ಟೂ ಬೈಸಿಕೊಂಡು ಬೀಗದಕ್ಕ ಒಂದೇ ಕೇಳಿದಳು, ಅವಳ ಪರವಾಗಿ ಯಾರಾದರೂ ಇದ್ದಾರೆಯೇ ಎಂದು. ಮಹಿಳಾ ಸಹಾಯ ಕೇಂದ್ರದ ಒಬ್ಬ ವಕೀಲೆ ಒಮ್ಮೆ ಬಂದಿದ್ದರೆಂದು ಯಜಮಾನಿ ಹೇಳಿ, ಆಸ್ಪತ್ರೆಯ ಚೀಟಿಯೊಂದರ ಬೆನ್ನಿಗೆ ನಂಬರು ಗೀಚಿ, ಮುಖ ನೋಡದೆ ಕೊಟ್ಟಳು. ಬೀಗದಕ್ಕ ಬಸ್ ನಿಲ್ದಾಣದಿಂದಲೇ ವಕೀಲೆಗೆ ಫೋನು ಮಾಡಿದಳು. ಮಂಗಳವಾರದ ಕರೆ ಅಳಿಸಿಹೋಗದೆ ಉಳಿದಿದೆ, ನ್ಯಾಯಾಲಯ ಕೇಳಿದರೆ ಕಂಪನಿ ಇಲ್ಲವೆನ್ನಲಾಗದು, ತಾನು ಬಂದು ಸಾಕ್ಷಿ ಹೇಳುತ್ತೇನೆ ಎಂದಳು.

ಆಮೇಲೆ ನಡೆದದ್ದೆಲ್ಲ ಕಾಯುವ ಕೆಲಸ. ವಕೀಲೆ ಆ ತಾಯಿಯ ಪರವಾಗಿ ಅರ್ಜಿ ಹಾಕಿದರು, ಕಂಪನಿಯವರು ಸಮಯ ಕೇಳಿದರು, ಅವಳ ಗಂಡನ ಕಡೆಯವರು ಎರಡು ಸಲ ಬರಲೇ ಇಲ್ಲ. ಬೀಗದಕ್ಕ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಯಾರೇ ಅತ್ತರೂ ಅವಳಿಗೆ ಮೊದಲು ಅನುಮಾನ ಬರುತ್ತಿತ್ತು. ಆಮೇಲೆ ತನ್ನ ಮೇಲೆ ಹೇಸಿಗೆ ಬರುತ್ತಿತ್ತು. ಒಂದು ದಿನ ಅತ್ತೆ ಹಲ್ಲುನೋವೆಂದು ನರಳಿದಾಗಲೂ, "ನಿಜವಾಗ್ಲೂನಾ?" ಎಂದು ಕೇಳಿಬಿಟ್ಟಳು. ಅತ್ತೆ ಬಾಯಿ ಅಗಲಿಸಿ, "ನೋಡು, ಟಾರ್ಚ್ ಹಾಕಿ ನೋಡು" ಎಂದಳು. ಮೂವರೂ ನಕ್ಕರು. ಬೀಗದಕ್ಕನ ನಗು ಮಾತ್ರ ಬೇಗ ನಿಂತಿತು.

ಐದನೇ ತಿಂಗಳು ವಿಚಾರಣೆ ಬಂತು. ಎತ್ತರದ ಕಿಟಕಿಗಳ, ಬಣ್ಣ ಸುಲಿದ ಕೋಣೆ. ಮಗುವಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬ್ಯಾಂಕಿನಲ್ಲಿ ಸರದಿಗೆ ಕಾಯುವವನ ಹಾಗೆ ಕೂತಿದ್ದ. ಅವನನ್ನು ರಸ್ತೆಯಲ್ಲಿ ನೋಡಿದ್ದರೆ ಬೀಗದಕ್ಕ ಯಾವ ಅನುಮಾನವೂ ಇಲ್ಲದೆ ದಾರಿ ಕೇಳುತ್ತಿದ್ದಳು. ಅವನ ಪಕ್ಕದಲ್ಲಿ ಅವನ ತಂಗಿ. ಈಚೆ ಕಡೆ ವಕೀಲೆಯ ಬಳಿ ಒಬ್ಬ ಸಣ್ಣ ಹೆಂಗಸು. ಚೀಟಿಯ ಫೋಟೋದಲ್ಲಿದ್ದ ಅದೇ ಕಣ್ಣುಗಳು. ಯಾರು ಮಾತಾಡಿದರೂ ಅವಳು ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಬಲಗಿವಿಯನ್ನು ಮುಂದೆ ಮಾಡುತ್ತಿದ್ದಳು. ಮರಳಿ ಹೋದ ಎರಡನೇ ತಿಂಗಳಲ್ಲಿ ಹೊಡೆತಕ್ಕೆ ಎಡಗಿವಿಯ ತಮಟೆ ಒಡೆದಿತ್ತು, ಮಗುವಿನೊಂದಿಗೆ ಆಸ್ಪತ್ರೆಗೆ ಬಂದವಳು ಮತ್ತೆ ಆ ಮನೆಗೆ ಹೋಗಿರಲಿಲ್ಲ ಎಂದು ವಕೀಲೆ ವೈದ್ಯರ ಕಾಗದ ಓದಿ ಹೇಳಿದಾಗ ಬೀಗದಕ್ಕನಿಗೆ ಕಾರಣ ತಿಳಿಯಿತು.

ಕರೆಯ ಧ್ವನಿಮುದ್ರಣ ಹಾಕಿದರು. ಅಷ್ಟು ಜನರ ಮುಂದೆ ತನ್ನದೇ ದನಿ ಕೇಳಿಸಿತು. ಅಳಬೇಡಿಮ್ಮ, ನಾನಿದೀನಿ. ಬೀಗದಕ್ಕ ನೆಲ ನೋಡಿದಳು. ಗುಟ್ಟಿನ ಪ್ರಶ್ನೆಯ ಬಳಿ ಬಂದಾಗ ನ್ಯಾಯಾಧೀಶೆ ಇನ್ನೊಮ್ಮೆ ಹಾಕಲು ಹೇಳಿದರು. ದನಿ ಏರಿಸಿ ಹಾಕಿದಾಗ, ಕುರ್ಚಿ ಸರಿದ ಮೇಲೆ ಗಂಡಸಿನ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು: "ಚೂಟಿ ಅನ್ನು."

ತಂಗಿ ಅಲ್ಲೇ ಕುಸಿದು ಅತ್ತಳು. ಅತ್ತಿಗೆ ಮಗುವನ್ನು ಮಾರಿಬಿಡುತ್ತಾಳೆ ಎಂದು ಅಣ್ಣ ಹೇಳಿದ್ದನ್ನು ನಂಬಿದೆ ಎಂದಳು. ಅವತ್ತು ಫೋನಿನಲ್ಲಿ ಅತ್ತದ್ದು ನಾಟಕವಲ್ಲ, ಅಣ್ಣ ಪಕ್ಕದಲ್ಲೇ ಕೂತು ತೋಳು ಹಿಂಡುತ್ತಿದ್ದ ಎಂದಳು.

ಮಗು ತಾಯಿಯ ಬಳಿಯೇ ಇರಬೇಕೆಂದು ಆದೇಶವಾಯಿತು. ಅವನು ಅವರ ಹತ್ತಿರ ಸುಳಿಯುವಂತಿಲ್ಲ. ಹೊಡೆತದ ಮೊಕದ್ದಮೆ ಬೇರೆ ನಡೆಯುತ್ತದೆ. ಎಷ್ಟು ವರ್ಷವೋ ಹೇಳಲಾಗದು ಎಂದರು ವಕೀಲೆ.

ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಆ ತಾಯಿ ಕೂತಿದ್ದಳು. ತೊಡೆಯ ಮೇಲೆ ಮಗು ನಿದ್ದೆ ಹೋಗಿತ್ತು. ಬೀಗದಕ್ಕ ಹತ್ತಿರ ಹೋಗಿ, ಬಲಗಡೆಗೆ ಕೂತಳು. 

"ನನ್ನದು ತಪ್ಪಾಯ್ತು" ಎಂದಳು.

ತಾಯಿ ಮಗುವಿನ ಕೂದಲು ಸರಿಮಾಡಿದಳು. "ನೀವು ಅವತ್ತು ಹೇಳದೇ ಇದ್ರೆ ನನಗೆ ಸಂಜೆವರೆಗೂ ಗೊತ್ತಾಗ್ತಿರಲಿಲ್ಲ. ಅದೂ ಗೊತ್ತು ನನಗೆ" ಎಂದಳು. "ಆದ್ರೆ ಪರವಾಗಿಲ್ಲ ಅಂತ ನನ್ನ ಬಾಯಲ್ಲಿ ಬರಲ್ಲ."

"ಬರಬೇಕಾಗಿಯೂ ಇಲ್ಲ."

ಅವಳು ಚೀಲದಿಂದ ಒಂದು ಫೋನು ತೆಗೆದಳು. ಸ್ಕ್ರೀನಿನ ಮೇಲಿನ ತೆಳು ಹಾಳೆಯನ್ನೂ ಇನ್ನೂ ಕಿತ್ತಿರಲಿಲ್ಲ. "ವಕೀಲರು ಕೊಟ್ರು. ಹೊಸ ಅಕೌಂಟ್ ಮಾಡಬೇಕು. ಯಾರೂ ತೆಗೆಯೋಕೆ ಆಗದ ಹಾಗೆ. ಹೇಗೆ ಅಂತ ಹೇಳ್ತೀರಾ?"

ಬೀಗದಕ್ಕ ಹೇಳಿಕೊಟ್ಟಳು. ಮಗುವಿನ ಹೆಸರು ಬೇಡ, ಹುಟ್ಟಿದ ದಿನ ಬೇಡ. ಫೋನು ಕಳೆದರೆ ಬಳಸಲೆಂದು ಕಂಪನಿ ಕೊಡುವ ಹತ್ತು ಅಂಕಿಗಳನ್ನು ಕಾಗದದಲ್ಲಿ ಬರೆದು, ಆ ಕಾಗದವನ್ನು ಮನೆಯಲ್ಲಲ್ಲದೆ ಬೇರೆ ಕಡೆ ಇಡಬೇಕು. ಗುಟ್ಟಿನ ಪ್ರಶ್ನೆಗಳ ಹತ್ತಿರ ಬಂದಾಗ ಅವಳು ಬೆರಳು ನಿಲ್ಲಿಸಿದಳು.

"ಇದಕ್ಕೆ ಏನು ಹಾಕಿದ್ರೂ ಅವರಿಗೆ ಗೊತ್ತಿರತ್ತೆ. ಒಂಬತ್ತು ವರ್ಷ ಇದ್ದೀನಿ ಜೊತೇಲಿ."

"ನಿಜ ಬರೀಬೇಡಿ" ಎಂದಳು ಬೀಗದಕ್ಕ. "ಸುಳ್ಳು ಬರೀರಿ. ನಿಮ್ಮನ್ನ ಬಲ್ಲವರು ಯಾರೂ ಊಹಿಸೋಕಾಗದ ಸುಳ್ಳು. ಮಷೀನಿಗೆ ಅದು ನಿಜನಾ ಅಂತ ಬೇಕಿಲ್ಲ. ನೀವು ಮರೀಬಾರದು, ಅಷ್ಟೇ."

ಅವಳು ಯೋಚಿಸಿದಳು. ಏನೋ ಹೊಳೆಯಿತು. ಬರೆಯಲು ಹೋದವಳು ತಡೆದು, ಫೋನನ್ನು ಎದೆಗೆ ಒತ್ತಿ ಹಿಡಿದಳು.

"ನೀವು ಆ ಕಡೆ ತಿರುಗಿ" ಎಂದಳು.

ಬೀಗದಕ್ಕ ಗೋಡೆಯ ಕಡೆ ತಿರುಗಿ ಕೂತಳು. ಬೆನ್ನ ಹಿಂದೆ ಅವಳು ಒಂದೊಂದೇ ಅಕ್ಷರ ಒತ್ತುತ್ತಿದ್ದುದು ಬಹಳ ಹೊತ್ತಿನವರೆಗೆ ಕೇಳಿಸುತ್ತಿತ್ತು.